‘ದಡ್ಡ’ ಎಂಬ ಪದವೂ ಓದಲು ಬಾರದ ಮಕ್ಕಳೂ

ಕಳೆದ ಜೂನ್ ತಿಂಗಳ ಮೊದಲ ವಾರದಲ್ಲಿ ಚನ್ನರಾಯಪಟ್ಟಣದ ಸಮೀಪದ ಹಳ್ಳಿಯೊಂದಕ್ಕೆ ಗೃಹಪ್ರವೇಶದ ನಿಮಿತ್ತ ಹೋಗಿದ್ದೆ. ಮನೆ ಕಟ್ಟಿಸಿದಾತ ನನ್ನ ಹಳೆಯ ವಿದ್ಯಾರ್ಥಿ. ಈಗ ತೆಂಗಿನಕಾಯಿ ವ್ಯಾಪಾರದಲ್ಲಿ ನಾಲ್ಕು ಕಾಸು ಕಂಡವನು. ಊಟವಾದ ಮೇಲೆ ಎಲೆ ಅಡಿಕೆಯ ತಟ್ಟೆಯನ್ನು ನನ್ನ ಮುಂದಿಟ್ಟು, ಕಂಬದ ಮರೆಯಲ್ಲಿ ನಿಂತಿದ್ದ ತನ್ನ ಮಗನನ್ನು ಕೈಹಿಡಿದು ಎಳೆತಂದ. “ಸಾರ್, ಇವನ್ನ ಸ್ವಲ್ಪ ನೋಡಿ. ನಾಲ್ಕನೇ ಕ್ಲಾಸು. ಓದಕ್ಕೇ ಬರಲ್ಲ. ದಡ್ಡ ನನ್ಮಗ” ಎಂದ. ಸುತ್ತ ಕುಳಿತಿದ್ದ ನೆಂಟರೆಲ್ಲ ನಕ್ಕರು. ಮಗುವೂ ನಗಲು ಪ್ರಯತ್ನಿಸಿತು.

ಅವನ ಕನ್ನಡ ಪುಸ್ತಕವನ್ನು ತರಿಸಿ, ಯಾವುದಾದರೂ ಪಾಠ ಓದು ಮಗು ಎಂದೆ. ಹುಡುಗ ಮೊದಲ ಪಾಠವನ್ನು ತೆರೆದು ಒಂದೇ ಉಸಿರಿನಲ್ಲಿ ಒಂದು ಪುಟವನ್ನು ಒಪ್ಪಿಸಿಬಿಟ್ಟ. ಒಂದು ತಪ್ಪಿಲ್ಲ. ಆದರೆ ಅವನ ಕಣ್ಣು ಪುಸ್ತಕದ ಮೇಲಿರಲಿಲ್ಲ, ಎದುರಿನ ಗೋಡೆಯ ಮೇಲಿತ್ತು. ನಾನು ಪುಟದ ನಡುವೆ ಒಂದು ಪದದ ಮೇಲೆ ಬೆರಳಿಟ್ಟು, ಇದೇನು ಎಂದು ಕೇಳಿದೆ. ಸುಮ್ಮನಾದ. ಸ್ವಲ್ಪ ಹೊತ್ತಿನ ಮೇಲೆ ತಗ್ಗಿದ ದನಿಯಲ್ಲಿ, “ಮೊದಲಿಂದ ಹೇಳ್ಲಾ ತಾತ?” ಎಂದ. ಪದವನ್ನು ತಲುಪಬೇಕಾದರೆ ಅವನು ಪಾಠದ ಆರಂಭದಿಂದಲೇ ಹೊರಡಬೇಕಾಗಿತ್ತು!

ಬಂಧುಗಳೇ, ಶಿಷ್ಯರೇ, ಒಂದು ಕ್ಷಣ ಯೋಚಿಸಿ. ಸಹಪಾಠಿಗಳು ಓದುವುದನ್ನು ಕೇಳಿ ಕೇಳಿಯೇ ಇಡೀ ಪುಟವನ್ನು ಕಂಠಸ್ಥ ಮಾಡಿಕೊಂಡು, ಮೂರು ವರ್ಷ ತರಗತಿಯ ಕಣ್ಣು ತಪ್ಪಿಸಿ ಬದುಕಿದ ಮಗುವನ್ನು ದಡ್ಡ ಎನ್ನಬಹುದೇ? ಅಷ್ಟು ಬುದ್ಧಿ ಖರ್ಚು ಮಾಡಿ ತನ್ನ ಕೊರತೆಯನ್ನು ಮುಚ್ಚಿಡುವ ಅನಿವಾರ್ಯತೆಯನ್ನು ಆ ಮಗುವಿಗೆ ತಂದಿಟ್ಟವರು ನಾವು, ಹಿರಿಯರು. ಇದನ್ನು ಕುರಿತು ಇಂದು ಸ್ವಲ್ಪ ಖಾರವಾಗಿಯೇ ಬರೆಯುತ್ತೇನೆ. ಮೇಷ್ಟ್ರಿಗೆ ವಯಸ್ಸಾಯಿತು, ಸಿಡುಕು ಹೆಚ್ಚಾಯಿತು ಎಂದುಕೊಂಡರೂ ಬೇಸರವಿಲ್ಲ.

ಮೊದಲು ನನ್ನ ತಪ್ಪನ್ನು ಹೇಳಿಕೊಳ್ಳಬೇಕು. ಇಲ್ಲದಿದ್ದರೆ ಇತರರನ್ನು ದೂರುವ ಅಧಿಕಾರ ನನಗಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಹೊಳೆನರಸೀಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದಾಗ ಎಂಟನೆಯ ತರಗತಿಗೆ ಒಬ್ಬ ಹುಡುಗ ಬಂದ. ಮುತ್ತು ಪೋಣಿಸಿದಂಥ ಅಕ್ಷರ. ಕರಿಹಲಗೆಯ ಮೇಲಿದ್ದುದನ್ನು ಒಂದಿಷ್ಟೂ ತಪ್ಪದೆ ನಕಲು ಮಾಡುತ್ತಿದ್ದ. ಆದರೆ ತಾನು ಬರೆದುದನ್ನು ತಾನೇ ಓದಲಾರ. ಬಿ.ಎಡ್. ಪದವಿ ಪಡೆದು, ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ಒಳ್ಳೆಯ ಅಂಕ ಗಳಿಸಿದ್ದ ನನಗೆ ಇದು ಸೋಮಾರಿತನವಾಗಿ ಮಾತ್ರ ಕಂಡಿತು. “ಎಮ್ಮೆ” ಎಂದು ಕರೆದೆ. ಬೆಂಚಿನ ಮೇಲೆ ನಿಲ್ಲಿಸಿದೆ. ಓದಲು ಎಬ್ಬಿಸಿ, ಅವನು ತಡವರಿಸುತ್ತಿದ್ದಾಗ ತರಗತಿ ನಗುವುದನ್ನು ತಡೆಯಲಿಲ್ಲ. ದೀಪಾವಳಿ ರಜೆಯ ನಂತರ ಅವನು ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಂಪು ಗೆರೆ ಎಳೆದೆ, ಪಾಠ ಮುಂದುವರಿಸಿದೆ.

ಇಪ್ಪತ್ತೈದು ವರ್ಷಗಳಾದ ಮೇಲೆ ನನ್ನ ನಿವೃತ್ತಿಯ ಸಮಯದಲ್ಲಿ ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಬಂದು ಕಾಲು ಮುಟ್ಟಿ ನಮಸ್ಕರಿಸಿದ. ಅವನೇ. ಒಳ್ಳೆಯ ಬೇಸಾಯಗಾರನಾಗಿದ್ದ. ಕುಶಲ ಪ್ರಶ್ನೆಗಳಾದ ಮೇಲೆ, ಎದುರು ನಿಂತಿದ್ದ ಬಸ್ಸನ್ನು ತೋರಿಸಿ, “ಇದು ಅರಕಲಗೂಡಿಗೆ ಓಯ್ತದಾ ಸಾ? ಕನ್ನಡಕ ಮರೆತು ಬಂದ್ಬುಟ್ಟೆ” ಎಂದ. ಅವನ ಮೂಗಿನ ಮೇಲೆ ಕನ್ನಡಕ ಕೂತ ಗುರುತೇ ಇರಲಿಲ್ಲ. ನಾನು ಬೋರ್ಡು ಓದಿ ಹೇಳಿದೆ. ಅವನು ಹತ್ತಿ ಹೋದ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂವತ್ತು ಮೂರು ವರ್ಷಗಳ ಸೇವೆಯಲ್ಲಿ ನನಗೆ ಸಂದ ಹಾರ ತುರಾಯಿಗಳ ಲೆಕ್ಕ ನೆನಪಿಲ್ಲ. ಆ ಬಸ್ಸಿನ ಬೋರ್ಡು ಮಾತ್ರ ಮರೆತಿಲ್ಲ.

ಈಗ ಇತರರ ವಿಷಯಕ್ಕೆ ಬರೋಣ. ನಮ್ಮದು ಹಲ್ಮಿಡಿಯ ಜಿಲ್ಲೆ. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲಿ ಒಂದು ಬೇಲೂರು ತಾಲ್ಲೂಕಿನ ಆ ಹಳ್ಳಿಯಲ್ಲಿ ದೊರೆಯಿತೆಂದು ವೇದಿಕೆಗಳ ಮೇಲೆ ಎದೆಯುಬ್ಬಿಸುತ್ತೇವೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ನೆಲ, ಸಂತೇಶಿವರದ ಭೈರಪ್ಪನವರ ನೆಲ ಎನ್ನುತ್ತೇವೆ. 2019ರಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಹಾಸನ ಜಿಲ್ಲೆ ಶೇ. 89.33ರೊಡನೆ ರಾಜ್ಯಕ್ಕೇ ಪ್ರಥಮ ಸ್ಥಾನ ಪಡೆದಾಗ ಸಿಹಿ ಹಂಚಿದೆವು. ಅದರ ಕೀರ್ತಿ ಯಾರಿಗೆ ಸಲ್ಲಬೇಕೆಂದು ಜಗಳವನ್ನೂ ಆಡಿದೆವು. ಎರಡನೆಯ ತರಗತಿಯ ಮಗು ಓದುತ್ತದೆಯೇ ಎಂಬ ಬಗ್ಗೆ ಎಂದಾದರೂ ಜಗಳವಾಡಿದ್ದೇವೆಯೇ? ಹತ್ತನೆಯ ತರಗತಿಗೆ ವಿಶೇಷ ತರಗತಿ, ರಾತ್ರಿ ಓದು, ದತ್ತು ಯೋಜನೆ, ಬೆಳಗಿನ ಜಾವ ಫೋನು ಮಾಡಿ ಎಬ್ಬಿಸುವ ಉತ್ಸಾಹ ಎಲ್ಲವೂ ಉಂಟು. ಒಂದನೆಯ ತರಗತಿಗೆ ಮಾತ್ರ ಎರಡು ತರಗತಿಗಳ ಭಾರ ಹೊತ್ತ ಒಬ್ಬ ಶಿಕ್ಷಕಿ, ಆಕೆಯ ಮೇಜಿನ ಮೇಲೆ ತುಂಬಬೇಕಾದ ಹತ್ತು ನಮೂನೆಗಳು. ಬೇರಿಗೆ ನೀರು ಹನಿಸದೆ ಹಣ್ಣನ್ನು ಒರೆಸಿ ಹೊಳಪು ಕೊಡುವ ತೋಟಗಾರಿಕೆ ಇದು.

ನಾನು ಅತಿಶಯೋಕ್ತಿ ಮಾಡುತ್ತಿದ್ದೇನೆಂದು ಭಾವಿಸುವವರಿಗೆ ಒಂದು ಲೆಕ್ಕ. ಪ್ರಥಮ್ ಸಂಸ್ಥೆ 2005ರಿಂದ ದೇಶದ ಗ್ರಾಮಾಂತರ ಪ್ರದೇಶಗಳಲ್ಲಿ ಮನೆಮನೆಗೆ ಹೋಗಿ ‘ಅಸರ್’ ಎಂಬ ಸಮೀಕ್ಷೆ ನಡೆಸುತ್ತ ಬಂದಿದೆ. ಪರೀಕ್ಷೆ ಅತಿ ಸರಳ. ಕೆಲವು ಅಕ್ಷರ, ಕೆಲವು ಪದ, ಒಂದನೆಯ ತರಗತಿಯ ನಾಲ್ಕು ವಾಕ್ಯ, ಎರಡನೆಯ ತರಗತಿಯ ಒಂದು ಪುಟ್ಟ ಕಥೆ. ಮಗು ಎಲ್ಲಿಯವರೆಗೆ ಓದುತ್ತದೆ ಎಂದು ನೋಡುತ್ತಾರೆ, ಅಷ್ಟೆ. ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಆ ಕಥೆಯನ್ನು ಓದಬಲ್ಲವರು 2018ರಲ್ಲಿ ಶೇ. 27.3, ಕೊರೋನಾದ ನಂತರ 2022ರಲ್ಲಿ ಶೇ. 20.5, ಚೇತರಿಸಿಕೊಂಡ ಮೇಲೆ 2024ರಲ್ಲಿ ಶೇ. 27.1. ಚೇತರಿಕೆಯೆಂದು ನಾವು ಸಂತೋಷಪಡುವ ಸ್ಥಿತಿಯಲ್ಲೂ ನಾಲ್ವರಲ್ಲಿ ಮೂವರಿಗೆ ಹಿಂದಿನ ತರಗತಿಯ ಕಥೆ ಓದಲು ಬಾರದು! ಒಂದು ಊರಿನಲ್ಲಿ ನಾಲ್ವರಲ್ಲಿ ಮೂವರಿಗೆ ಜ್ವರ ಬಂದರೆ ಬಾವಿಯ ನೀರನ್ನು ಪರೀಕ್ಷಿಸುತ್ತೇವೆ. ಜ್ವರ ಬಂದವರನ್ನು ದಡ್ಡರೆಂದು ಬೈಯುವುದಿಲ್ಲ.

ಕನ್ನಡ ಸುಲಭ, ಬರೆದಂತೆ ಓದುವ ಭಾಷೆ, ಇದರಲ್ಲೇನು ಕಷ್ಟ ಎಂದು ಕೇಳುವವರಿದ್ದಾರೆ. ಅರವತ್ತು ವರ್ಷಗಳ ಹಿಂದೆ ಜಗುಲಿಯ ಮರಳಿನ ಮೇಲೆ ಅಕ್ಷರ ತಿದ್ದಿದ್ದು ನಮಗೆ ಮರೆತುಹೋಗಿದೆ. ವರ್ಣಮಾಲೆಯಲ್ಲಿ 49 ಅಕ್ಷರ, ನಿಜ. ಆದರೆ 34 ವ್ಯಂಜನಗಳಿಗೆ 13 ಸ್ವರಗಳು ಸೇರಿದರೆ ಕಾಗುಣಿತದಲ್ಲಿ 442 ರೂಪಗಳು, ಒತ್ತಕ್ಷರಗಳು ಬೇರೆ. ‘ಕಿ’ಯ ಗುರುತು ಅಕ್ಷರದ ತಲೆಯ ಮೇಲೆ, ‘ಕು’ವಿನದು ಬಲಕ್ಕೆ, ‘ಕೃ’ವಿನದು ಕೆಳಗೆ. ‘ವು’ ಮತ್ತು ‘ಮ’ಗಳಿಗೆ ಎಷ್ಟು ವ್ಯತ್ಯಾಸ ನೋಡಿ, ಕೊಂಬು ಎಲ್ಲಿ ತಗಲಿಕೊಂಡಿದೆ ಎಂಬುದಷ್ಟೆ. ‘ಸೂರ್ಯ’ದಲ್ಲಿ ಮೊದಲು ಉಚ್ಚರಿಸುವ ರಕಾರವನ್ನು ಯಕಾರದ ಅನಂತರ ಬರೆಯುತ್ತೇವೆ. ಆರು ವರ್ಷದ ಮಗುವಿಗೆ ಇದು ಸಣ್ಣ ಸಾಹಸವಲ್ಲ. ಕನ್ನಡ ಮಕ್ಕಳ ಓದನ್ನು ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದೂ ಇದನ್ನೇ: ನಮ್ಮ ಲಿಪಿಯಲ್ಲಿ ಅಕ್ಷರ ಕಲಿಕೆ ಮೊದಲ ಒಂದೆರಡು ವರ್ಷಗಳಲ್ಲಿ ಮುಗಿಯುವುದಿಲ್ಲ, ಮುಂದಿನ ತರಗತಿಗಳಿಗೂ ಹರಿಯುತ್ತದೆ. ನಾವಾದರೋ ಎರಡನೆಯ ತರಗತಿಗೇ ಅಂಗಡಿ ಮುಚ್ಚಿ, ಮೂರರಿಂದ ‘ಪಾಠ’ ಆರಂಭಿಸುತ್ತೇವೆ. ಬೀಗ ಹಾಕಿದ ಮೇಲೆ ಬಂದ ಮಗು ಹೊರಗೇ ಉಳಿಯುತ್ತದೆ.

ಇನ್ನೊಂದು ಅನ್ಯಾಯವನ್ನು ಹಾಸನದವನಾಗಿ ನಾನು ಹೇಳಲೇಬೇಕು. ನಮ್ಮ ಕಡೆಯ ಆಡುಮಾತಿನಲ್ಲಿ ಹಕಾರ ಬಹುಪಾಲು ಇಲ್ಲ. ಹಾಲು ‘ಆಲು’, ಹಳ್ಳಿ ‘ಅಳ್ಳಿ’, ಹಾಸನವೇ ‘ಆಸ್ನ’. ಮಗು ‘ಹಾಲು’ ಎಂಬ ಮುದ್ರಿತ ಪದವನ್ನು ನೋಡಿ ‘ಆಲು’ ಎಂದರೆ ಅದು ಸರಿಯಾಗಿ ಓದಿದೆ ಎಂದೇ ಅರ್ಥ. ಅಕ್ಷರವನ್ನು ಗುರುತಿಸಿದೆ, ಅರ್ಥವನ್ನು ಹಿಡಿದಿದೆ, ತನ್ನ ತಾಯಿ ಹೇಳಿದಂತೆ ಉಚ್ಚರಿಸಿದೆ. ಆ ಕ್ಷಣದಲ್ಲಿ ಮೇಷ್ಟ್ರು “ಆಲು ಅಲ್ಲ ಕಣೋ, ಹಾಲು! ಬಾಯಲ್ಲಿ ಏನಿಟ್ಟುಕೊಂಡಿದ್ದೀಯಾ?” ಎಂದು ಗದರಿದರೆ, ಮಗು ತಾನು ಓದಿದ್ದೇ ತಪ್ಪೆಂದು ತಿಳಿಯುತ್ತದೆ. ಮರುದಿನದಿಂದ ಬಾಯಿ ಬಿಡುವುದಿಲ್ಲ. ನಾನು ಹೀಗೆ ಎಷ್ಟು ಬಾಯಿಗಳನ್ನು ಮುಚ್ಚಿಸಿದ್ದೇನೋ! ಗ್ರಂಥಸ್ಥ ಉಚ್ಚಾರಣೆ ಬೇಡವೆಂದಲ್ಲ. ಅದನ್ನು ಕಲಿಸಲು ಮುಂದೆ ಬೇಕಾದಷ್ಟು ಕಾಲವಿದೆ.

ನನ್ನ ತಂಗಿ ಅರಕಲಗೂಡು ತಾಲ್ಲೂಕಿನ ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದಳು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಹುಟ್ಟಿದ ‘ನಲಿ-ಕಲಿ’ 2009-10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ವ್ಯಾಪಿಸಿದಾಗ, ಪ್ರೌಢಶಾಲೆಯ ಗತ್ತಿನಲ್ಲಿ ನಾನು ಅದನ್ನು ಬಹಳ ಹಾಸ್ಯ ಮಾಡಿದ್ದೆ. ಅ ಆ ಇ ಈ ಬಿಟ್ಟು ‘ರ ಗ ಸ ದ ಅ’ ಎಂದು ಕಲಿಸುವುದೇ? ಇದೆಂಥ ವರ್ಣಮಾಲೆ? ಆಕೆ ವಾದಿಸಲಿಲ್ಲ. “ಅಣ್ಣಾ, ಒಂದು ದಿನ ಬಂದು ಕೂತ್ಕೊ” ಎಂದಳು. ಹೋದೆ. ಐದು ಅಕ್ಷರ ಕಲಿತ ಮಗು ಅಂದೇ ಸರ, ರಸ, ಅಗಸ, ಅರಸ, ಗರಗಸ ಎಂದು ಪದಗಳನ್ನು ಓದುತ್ತಿತ್ತು. ನಮ್ಮ ಕ್ರಮದಲ್ಲಿ ಸ್ವರಗಳ ಸಾಲನ್ನು ದಾಟಿ ಮೊದಲ ಪದವನ್ನು ಕಾಣಲು ಎಷ್ಟು ತಿಂಗಳು ಕಾಯಬೇಕಿತ್ತು! ಹೊಗೆಸೊಪ್ಪು ಮುರಿದು ಬ್ಯಾರನ್ನಿಗೆ ಏರಿಸುವ ಕಾಲದಲ್ಲಿ ಹದಿನೈದು ದಿನ ಶಾಲೆ ತಪ್ಪಿಸಿಕೊಂಡ ಹುಡುಗಿ ಮರಳಿ ಬಂದು, ಕಲಿಕಾ ಏಣಿಯಲ್ಲಿ ತಾನು ಬಿಟ್ಟಿದ್ದ ಮೆಟ್ಟಿಲಿನ ಕಾರ್ಡನ್ನು ತಾನೇ ಎತ್ತಿಕೊಂಡು ಕುಳಿತಳು. ಪಾಠ ಅವಳನ್ನು ಬಿಟ್ಟು ಮುಂದೆ ಹೋಗಿರಲಿಲ್ಲ. ಕೆಲವರು ಶಿಕ್ಷಕಿಯ ಪಕ್ಕದಲ್ಲಿ, ಕೆಲವರು ಬಲ್ಲ ಗೆಳೆಯರ ಪಕ್ಕದಲ್ಲಿ, ಕೆಲವರು ತಾವೇ ತಾವಾಗಿ ಕಲಿಯುತ್ತಿದ್ದರು. ನಾನು ಸುಮ್ಮನೆ ಮನೆಗೆ ಬಂದೆ.

ಹಾಗೆಂದು ನಲಿ-ಕಲಿಯೊಂದೇ ಮದ್ದೆಂದು ನಾನು ಹೇಳಲಾರೆ. ಮೂರು ತರಗತಿಗಳನ್ನು ಒಂದೇ ಕೊಠಡಿಗೆ ತುಂಬಿ, ಹರಿದ ಕಾರ್ಡುಗಳನ್ನು ಬದಲಿಸದೆ, ಶಿಕ್ಷಕಿಯನ್ನು ಗಣತಿಗೂ ಚುನಾವಣೆಗೂ ಓಡಿಸಿ, ‘ನಲಿ-ಕಲಿಯಿಂದ ಮಕ್ಕಳು ಹಾಳಾದರು’ ಎಂದು ದೂರುವುದು ಎತ್ತಿಗೆ ಮೇವು ಹಾಕದೆ ಉಳುಮೆ ಸರಿಯಿಲ್ಲವೆಂದಂತೆ. ಸೇತುಬಂಧ, ಪರಿಹಾರ ಬೋಧನೆ, ಕಲಿಕಾ ಚೇತರಿಕೆ, ದೆಹಲಿಯಿಂದ 2021ರಲ್ಲಿ ಬಂದ ನಿಪುಣ್ ಭಾರತ್ ಎಂದು ಹೆಸರುಗಳಿಗೆ ನಮ್ಮಲ್ಲಿ ಬರವಿಲ್ಲ. ಉದ್ದೇಶಗಳೂ ಒಳ್ಳೆಯವೇ. ಆದರೆ ನಾನು ಕಂಡ ‘ಪರಿಹಾರ ಬೋಧನೆ’ ಬಹುಮಟ್ಟಿಗೆ ಒಂದು ವಹಿ. ಹಿಂದುಳಿದವರ ಪಟ್ಟಿ, ದಿನಾಂಕ, ಸಹಿ. ಆ ಪಟ್ಟಿಯ ಮಗುವಿನ ಪಕ್ಕ ಕುಳಿತು ಅದು ಓದುವುದನ್ನು ಯಾರಾದರೂ ಹತ್ತು ನಿಮಿಷ ಕೇಳಿದರೇ ಎಂಬ ಅಂಕಣವೇ ಅದರಲ್ಲಿಲ್ಲ.

ಪರೀಕ್ಷೆಯನ್ನು ಬಿಗಿಗೊಳಿಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಪಂಡಿತರೂ ಇದ್ದಾರೆ. 2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ‘ಯಾರನ್ನೂ ನಪಾಸು ಮಾಡುವಂತಿಲ್ಲ’ ಎಂಬ ನಿಯಮವೇ ಮೂಲ ರೋಗವೆಂದು ಅವರ ವಾದ. ನಾನು ವಿನಯದಿಂದ ಕೇಳುತ್ತೇನೆ: ನಾನು ಬೆಂಚಿನ ಮೇಲೆ ನಿಲ್ಲಿಸಿದ ಹುಡುಗ ಓದಿದ್ದು ನಪಾಸು ಮಾಡುತ್ತಿದ್ದ ಕಾಲದಲ್ಲಿ. ಅವನಿಗೆ ಓದಲು ಬಂದಿತೇ? 2023 ಮತ್ತು 2024ರಲ್ಲಿ 5 ಮತ್ತು 8ನೆಯ ತರಗತಿಗಳಿಗೆ ರಾಜ್ಯಮಟ್ಟದ ಮೌಲ್ಯಾಂಕನ ತರಲು ಹೋಗಿ, ವಿಷಯ ನ್ಯಾಯಾಲಯದ ಮೆಟ್ಟಿಲೇರಿದ್ದು ನಿಮಗೆ ಗೊತ್ತಿದೆ. ಥರ್ಮಾಮೀಟರು ಜ್ವರವನ್ನು ಅಳೆಯುತ್ತದೆ, ಇಳಿಸುವುದಿಲ್ಲ. ಓದಲು ಬಾರದ ಮಗುವನ್ನು ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸಿ ಅದೇ ಪಾಠವನ್ನು ಅದೇ ರೀತಿ ಹೇಳಿದರೆ, ಒಂದು ವರ್ಷ ದೊಡ್ಡದಾದ ಅದೇ ಮಗು ಸಿಗುತ್ತದೆ. ಹಾಗೆಂದು ಓದಲು ಬಾರದಿದ್ದರೂ ‘ಎ ಪ್ಲಸ್’ ಬರೆದು ಮುಂದೆ ತಳ್ಳುವುದೂ ವಂಚನೆಯೇ. ಉತ್ತೀರ್ಣವೋ ಅನುತ್ತೀರ್ಣವೋ ಎಂಬ ಜಗಳದ ಗದ್ದಲದಲ್ಲಿ ‘ಕಲಿಸಿದಿರಾ?’ ಎಂಬ ಪ್ರಶ್ನೆ ಕಳೆದುಹೋಗಿದೆ.

ಪೋಷಕರನ್ನೂ ಬಿಡಲಾರೆ. ಮಗು ಕನ್ನಡದಲ್ಲಿ ತಡವರಿಸಿದರೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುತ್ತೀರಿ. ಅಲ್ಲೂ ತಡವರಿಸಿದರೆ ಟ್ಯೂಷನ್ನಿಗೆ ಅಟ್ಟುತ್ತೀರಿ. ಮನೆಯ ಮಾತಿನಲ್ಲೇ ಅಕ್ಷರಕ್ಕೂ ಧ್ವನಿಗೂ ನಂಟು ಕೂಡದ ಮಗು ಪರಭಾಷೆಯಲ್ಲಿ ಹೇಗೆ ಕೂಡಿಸೀತು? ಇಂಗ್ಲಿಷ್ ಕಲಿಯಲಿ, ನನ್ನ ಮೊಮ್ಮಕ್ಕಳೂ ಕಲಿಯುತ್ತಿದ್ದಾರೆ. ಆದರೆ ಓದು ಎಂಬುದು ಒಮ್ಮೆ ಒಂದು ಭಾಷೆಯಲ್ಲಿ ಕೈಗೆ ಹತ್ತಿದರೆ ಮತ್ತೊಂದಕ್ಕೆ ದಾರಿ ಸುಲಭ. ಇನ್ನು, ಬಂದವರ ಮುಂದೆ ಮಗುವನ್ನು ನಿಲ್ಲಿಸಿ ದಡ್ಡನೆಂದು ಪರಿಚಯಿಸುವ ಅಭ್ಯಾಸವಂತೂ ಇಂದೇ ನಿಲ್ಲಲಿ. ನಿಮ್ಮ ಮಗು ಆ ಪದವನ್ನು ನಂಬುತ್ತದೆ.

ಹಾಗಾದರೆ ಮಾಡಬೇಕಾದುದೇನು? ನಿವೃತ್ತಿಯ ನಂತರ ಹಾಸನದ ನಮ್ಮ ಬೀದಿಯ ನಾಲ್ಕೈದು ಮಕ್ಕಳಿಗೆ ಜಗುಲಿಯಲ್ಲಿ ಓದಿಸುತ್ತ ನಾನು ಕಂಡುಕೊಂಡದ್ದನ್ನು ಹೇಳುತ್ತೇನೆ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ದಿನವೂ ಬೇಕು. ಮಗು ಯಾವ ತರಗತಿಯಲ್ಲಿದೆ ಎಂಬುದನ್ನು ಮರೆತು ಅದರ ಓದು ಎಲ್ಲಿ ನಿಂತಿದೆ ಎಂಬಲ್ಲಿಂದ ಹೊರಡಿ, ನಾಲ್ಕನೆಯ ತರಗತಿಯ ಮಗುವಾದರೂ ಸರಿ ‘ಸರ’ ‘ಗರಗಸ’ದಿಂದಲೇ ಹೊರಡಲಿ. ಮಗುವಿನ ಬಾಯಿಂದ ಬಂದ ಎರಡು ವಾಕ್ಯಗಳನ್ನು ನೀವು ದೊಡ್ಡದಾಗಿ ಬರೆದುಕೊಟ್ಟು ಅದನ್ನೇ ಓದಿಸಿ. “ನಮ್ಮ ಎಮ್ಮೆ ಕರು ಹಾಕಿತು” ಎಂಬ ತನ್ನದೇ ಮಾತು ಕಾಗದದ ಮೇಲೆ ಕಂಡಾಗ ಆ ಮುಖವನ್ನು ನೋಡಬೇಕು! ಬಾಯಿಪಾಠದ ಅನುಮಾನ ಬಂದರೆ ಬೈಯದೆ ಪದಗಳನ್ನು ಚೀಟಿಗಳಲ್ಲಿ ಬರೆದು ಕಲಸಿ ಕೊಡಿ. ತಪ್ಪಿದಾಗ ಕೂಡಲೇ ಬಾಯಿ ಹಾಕಬೇಡಿ, ವಾಕ್ಯ ಮುಗಿಯುವವರೆಗೆ ಕಾಯಿರಿ. ಅರ್ಧದಷ್ಟು ತಪ್ಪುಗಳನ್ನು ಮಗುವೇ ತಿದ್ದಿಕೊಳ್ಳುತ್ತದೆ. ಕೊನೆಯ ಐದು ನಿಮಿಷ ಒಂದು ಕಥೆಯನ್ನು ನೀವೇ ಓದಿ ಹೇಳಿ.

ಎಲ್ಲ ಮಕ್ಕಳಿಗೂ ಇದರಿಂದಲೇ ಓದು ಬರುತ್ತದೆಂದು ಹೇಳಿದರೆ ಸುಳ್ಳಾದೀತು. ನಮ್ಮ ಜಗುಲಿಯ ಹುಡುಗಿಯೊಬ್ಬಳು ಎಂಟು ತಿಂಗಳಾದರೂ ನೆನ್ನೆ ಕಂಡ ಅಕ್ಷರವನ್ನು ಇಂದು ಮೊದಲ ಸಲ ಕಂಡಂತೆ ನೋಡುತ್ತಿದ್ದಳು. ಮಾತಿನಲ್ಲಿ, ಲೆಕ್ಕದಲ್ಲಿ ಬಹಳ ಚುರುಕು. ಮೊದಲು ಕಣ್ಣು ಕಿವಿಗಳ ಪರೀಕ್ಷೆ ಮಾಡಿಸಿ, ಅನಂತರ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ಯಲು ಅವಳ ತಂದೆತಾಯಿಯನ್ನು ಒಪ್ಪಿಸುವುದರೊಳಗೆ ನನಗೆ ಸಾಕಾಯಿತು. “ನಮ್ಮ ಮಗಳಿಗೆ ತಲೆ ಕೆಟ್ಟಿದೆಯಾ ಮೇಷ್ಟ್ರೇ?” ಎಂದು ಆ ತಾಯಿ ಅತ್ತಳು. ತಲೆ ಕೆಟ್ಟಿಲ್ಲ ತಾಯಿ, ಅಕ್ಷರವನ್ನು ಹಿಡಿಯುವ ದಾರಿ ಅವಳಲ್ಲಿ ಬೇರೆಯಾಗಿದೆ ಎಂದೆ. ಡಿಸ್ಲೆಕ್ಸಿಯಾ ಎಂಬುದು ಬುದ್ಧಿಯ ಕೊರತೆಯಲ್ಲ. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ ಗುರುತಿಸಿದೆ. ಅವಳು ಈಗಲೂ ನಿಧಾನವಾಗಿಯೇ ಓದುತ್ತಾಳೆ, ಪ್ರತಿ ಪದವೂ ಅವಳಿಗೆ ಏರುದಾರಿ. ಆದರೆ ತಾನು ದಡ್ಡಿ ಎನ್ನುವುದನ್ನು ಬಿಟ್ಟಿದ್ದಾಳೆ. ನಾನು ಎಮ್ಮೆ ಎಂದು ಕರೆದ ಆ ಹುಡುಗನಿಗೂ ಇದೇ ತೊಂದರೆ ಇತ್ತೋ ಏನೋ. ಕೇಳುವ ವ್ಯವಧಾನ ಅಂದು ನನಗಿರಲಿಲ್ಲ.

ನನ್ನ ಶಿಷ್ಯರಲ್ಲಿ ಬೆಂಗಳೂರಿನಲ್ಲಿರುವವರು, ಅಮೆರಿಕದಲ್ಲಿರುವವರು, ಊರಿನಲ್ಲೇ ಆಲೂಗೆಡ್ಡೆ ಬೆಳೆಯುವವರು ಎಲ್ಲರೂ ಇದ್ದೀರಿ. ಶಾಲೆಗೆ ಏನಾದರೂ ಕೊಡಬೇಕು ಸಾರ್ ಎಂದು ಕೇಳುತ್ತಲೇ ಇರುತ್ತೀರಿ. ರಂಗಮಂದಿರ, ಕಂಪ್ಯೂಟರು, ಮಹಾದ್ವಾರ ಎನ್ನುತ್ತೀರಿ. ಮಹಾದ್ವಾರದ ಮೇಲೆ ಕೆತ್ತಿಸಿದ ನಿಮ್ಮ ಹೆಸರನ್ನು ಅದರ ಕೆಳಗೆ ಹೋಗುವ ಮಗು ಓದಲಾರದಿದ್ದರೆ ಏನು ಬಂತು? ಊರಿನ ಒಂದನೆಯ, ಎರಡನೆಯ ತರಗತಿಗೆ ಐವತ್ತು ಕಥೆಪುಸ್ತಕಗಳನ್ನು ಕೊಡಿ, ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕಬಾರದೆಂಬ ಒಂದೇ ಷರತ್ತಿನೊಡನೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ಊರಿನಲ್ಲಿರುವವರು ವಾರಕ್ಕೆ ಎರಡು ಸಂಜೆ ಅಲ್ಲಿ ಕುಳಿತು ಇಬ್ಬರು ಮಕ್ಕಳು ಓದುವುದನ್ನು ಕೇಳಿ. ನಿವೃತ್ತರಾದ ನನ್ನ ಸಹೋದ್ಯೋಗಿಗಳೇ, ಪಿಂಚಣಿಯ ತುಟ್ಟಿಭತ್ಯೆ ಎಷ್ಟು ಏರಿತೆಂಬ ಚರ್ಚೆಯ ನಡುವೆ ನಿಮಗೂ ಇಪ್ಪತ್ತು ನಿಮಿಷ ಸಿಗುತ್ತದೆ. ಅಧಿಕಾರಿಗಳಾಗಿರುವ ಶಿಷ್ಯರಿಗೆ ಒಂದೇ ಮಾತು: ಶಾಲೆಗೆ ಭೇಟಿ ಕೊಟ್ಟಾಗ ವಹಿಗಳನ್ನು ಮುಚ್ಚಿಟ್ಟು ಮೂರನೆಯ ತರಗತಿಯ ಕೊನೆಯ ಸಾಲಿನ ಮಗುವಿನ ಪಕ್ಕ ನೆಲದ ಮೇಲೆ ಕುಳಿತುಕೊಳ್ಳಿ.

ಚನ್ನರಾಯಪಟ್ಟಣದ ಆ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಅಂದು ಅವನ ತಂದೆಯನ್ನು ಪಕ್ಕಕ್ಕೆ ಕರೆದು ಗದರಿದೆ, ಹಳೆಯ ಮೇಷ್ಟ್ರ ಹಕ್ಕು ಅದು. ರಾತ್ರಿ ಊಟಕ್ಕೆ ಮುನ್ನ ಇಪ್ಪತ್ತು ನಿಮಿಷ ಮಗನ ಪಕ್ಕ ಕೂರುವುದಾಗಿ ಮಾತು ಕೊಟ್ಟ. “ನನಗೇ ಓದಿಸೋಕೆ ಬರುತ್ತಾ ಸಾರ್?” ಎಂದ. ನಿನಗೆ ನಾನು ಓದಿಸಲಿಲ್ಲವೇ, ಹಾಗೆಯೇ ಎನ್ನಲು ಹೊರಟವನು ನಾಲಿಗೆ ಕಚ್ಚಿಕೊಂಡೆ. ನನಗಿಂತ ಚೆನ್ನಾಗಿ ಓದಿಸು ಎಂದೆ. ಸಂಕ್ರಾಂತಿಗೆ ಎಳ್ಳು ಬೆಲ್ಲ ಹಿಡಿದು ಅಪ್ಪ ಮಗ ಇಬ್ಬರೂ ಬಂದಿದ್ದರು. ನಮ್ಮ ಬಾಗಿಲ ಪಕ್ಕದ ಹೆಸರಿನ ಫಲಕದ ಮುಂದೆ ಹುಡುಗ ನಿಂತುಬಿಟ್ಟ. ತುಟಿ ಅಲುಗುತ್ತಿತ್ತು. ಒಳಗೆ ಬಾರೋ ಎಂದು ಅಪ್ಪ ಎಳೆದ. ಬಿಡು, ಓದಿ ಬರಲಿ ಎಂದೆ. ಅಷ್ಟು ಹೊತ್ತು ನಾವಿಬ್ಬರೂ ಬಾಗಿಲಲ್ಲೇ ಕಾದೆವು.